ಆರಿಸಿದರೂ ಆರದ ಬಿಸಿ

ಪಾಕಿಸ್ತಾನದ ಕರಾಚಿಯಿಂದ ಪಶ್ಚಿಮಕ್ಕೆ ಹೋದರೆ ಅರಬ್ಬಿ ಸಮುದ್ರದ ದಂಡೆಯಲ್ಲಿ ಪ್ಯಾರಡೈಸ್ ಪಾಯಿಂಟ್ ಎಂಬ ಜಾಗ ಸಿಗುತ್ತದೆ. ಅಲ್ಲಿ ಎರಡು ಭಾರಿ ಗುಮ್ಮಟಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದರ ಹೆಸರು ಕೆ-2, ಇನ್ನೊಂದರ ಹೆಸರು ಕೆ-3. ಎರಡೂ ಪರಮಾಣು ವಿದ್ಯುತ್ ಸ್ಥಾವರಗಳು. ಒಂದೊಂದರ ಸಾಮರ್ಥ್ಯ ಸುಮಾರು 1,100 ಮೆಗಾವ್ಯಾಟ್. ಕೆ-2 ಸ್ಥಾವರ 2021ರಲ್ಲಿ, ಕೆ-3 ಸ್ಥಾವರ 2022ರಲ್ಲಿ ಕರೆಂಟು ಕೊಡಲು ಶುರುಮಾಡಿದವು. ವಿನ್ಯಾಸ ಮಾಡಿ ಕಟ್ಟಿಕೊಟ್ಟ ದೇಶ ಚೀನಾ. ಮಾದರಿಯ ಹೆಸರು ಹುವಾಲಾಂಗ್-1. ಚೀನಾ ತನ್ನ ಗಡಿಯಾಚೆ ಕಟ್ಟಿದ ಮೊದಲ ಹುವಾಲಾಂಗ್ ಸ್ಥಾವರಗಳು ಇವೇ.

ಇಂಥದ್ದನ್ನು ಒಂದು ದೇಶ ಇನ್ನೊಂದು ದೇಶಕ್ಕೆ ಕಟ್ಟಿಕೊಟ್ಟಾಗ ಎಲ್ಲರೂ ಮೊದಲು ಕೇಳುವುದು, "ಇದು ಸುರಕ್ಷಿತವೇ?" ಎಂದು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಗುಮ್ಮಟದೊಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ಉತ್ತರವನ್ನು ನೀವೇ ತೂಗಿ ನೋಡಬಹುದು. ಬನ್ನಿ ಮಕ್ಕಳೇ, ಒಳಗೆ ಇಣುಕಿ ನೋಡೋಣ.

ಗುಮ್ಮಟದ ಒಳಗೆ

ಎಲ್ಲ ಶುರುವಾಗುವುದು ಒಂದು ಪುಟ್ಟ ಕಪ್ಪು ಗುಳಿಗೆಯಿಂದ. ದಪ್ಪ ಸುಮಾರು 8 ಮಿಲಿಮೀಟರ್, ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಇದು ಯುರೇನಿಯಂ ಆಕ್ಸೈಡ್‌ನಿಂದ ಮಾಡಿ, ಸುಟ್ಟು ಗಟ್ಟಿಮಾಡಿದ ಗುಳಿಗೆ. ಸುಮಾರು 2,800 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೂ ಇದು ಕರಗುವುದಿಲ್ಲ.

ಇಂಥ ಗುಳಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಜಿರ್ಕೋನಿಯಂ ಲೋಹದ ಸಪೂರ ಕೊಳವೆಯಲ್ಲಿಟ್ಟು ಬಾಯಿ ಮುಚ್ಚುತ್ತಾರೆ. ಕೊಳವೆಯ ಉದ್ದ ಹೆಚ್ಚುಕಡಿಮೆ ನಾಲ್ಕು ಮೀಟರ್. ಇಂಥ 264 ಕೊಳವೆಗಳು ಸೇರಿದರೆ ಒಂದು ಇಂಧನ ಕಟ್ಟು. ಹುವಾಲಾಂಗ್ ರಿಯಾಕ್ಟರಿನ ಒಡಲಲ್ಲಿ 177 ಕಟ್ಟುಗಳಿವೆ. ಗುಣಿಸಿ ನೋಡಿ: 46,728 ಕೊಳವೆಗಳಾದವು!

ಯುರೇನಿಯಂ ಪರಮಾಣುವಿನ ನಡುವಿನ ಬೀಜಕ್ಕೆ ನ್ಯೂಟ್ರಾನ್ ಎಂಬ ಕಣ ಬಂದು ತಾಗಿದರೆ ಬೀಜ ಎರಡಾಗಿ ಒಡೆಯುತ್ತದೆ. ಒಡೆದಾಗ ಬಿಸಿ ಹುಟ್ಟುತ್ತದೆ. ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಅವು ಮತ್ತೆ ಬೇರೆ ಬೀಜಗಳನ್ನು ಒಡೆಯುತ್ತವೆ. ಹೀಗೆ ಸರಪಳಿಯಂತೆ ಕೆಲಸ ಸಾಗುತ್ತದೆ.

ಹುಟ್ಟಿದ ಬಿಸಿಯನ್ನು ಹೊತ್ತೊಯ್ಯುವುದು ನೀರು. ಕೊಳವೆಗಳ ಸಂದಿಯಲ್ಲಿ ಹರಿಯುವ ಈ ನೀರು 300 ಡಿಗ್ರಿ ದಾಟಿ ಕಾಯುತ್ತದೆ, ಆದರೂ ಕುದಿಯುವುದಿಲ್ಲ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 155 ಪಟ್ಟು ಒತ್ತಡದಲ್ಲಿ ಅದನ್ನು ಅದುಮಿ ಹಿಡಿದಿರುವುದೇ ಇದಕ್ಕೆ ಕಾರಣ. ಈ ನೀರು ತನ್ನ ಬಿಸಿಯನ್ನು ಇನ್ನೊಂದು ಸಾಲಿನ ನೀರಿಗೆ ಕೊಡುತ್ತದೆ. ಆ ನೀರು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್ ಜನರೇಟರನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಆವಿಯನ್ನು ಸಮುದ್ರದ ನೀರು ತಂಪುಮಾಡಿ ಮತ್ತೆ ನೀರಾಗಿಸುತ್ತದೆ. ಸ್ಥಾವರವನ್ನು ಕಡಲ ದಂಡೆಯಲ್ಲಿ ಕಟ್ಟಿದ್ದು ಇದಕ್ಕಾಗಿಯೇ.

ನಿಲ್ಲಿಸುವುದು ಸುಲಭ, ತಣಿಸುವುದು ಕಷ್ಟ

ಏನೋ ತೊಂದರೆಯಾಯಿತು, ರಿಯಾಕ್ಟರನ್ನು ತಕ್ಷಣ ನಿಲ್ಲಿಸಬೇಕು ಎಂದಿಟ್ಟುಕೊಳ್ಳಿ. ಆಗ ನ್ಯೂಟ್ರಾನ್‌ಗಳನ್ನು ನುಂಗುವ ನಿಯಂತ್ರಣ ಸರಳುಗಳು ಕೆಲಸಕ್ಕೆ ಬರುತ್ತವೆ. ರಿಯಾಕ್ಟರಿನ ತಲೆಯ ಮೇಲೆ ಅವನ್ನು ವಿದ್ಯುತ್ ಕಾಂತದ ಬಲದಿಂದ ಎತ್ತಿ ಹಿಡಿದಿರುತ್ತಾರೆ. ಕರೆಂಟು ಹೋದರೆ ಕಾಂತದ ಹಿಡಿತ ತಪ್ಪುತ್ತದೆ, ಸರಳುಗಳು ತಮ್ಮ ಭಾರದಿಂದಲೇ ಕೆಳಗೆ ಬೀಳುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಬೀಜ ಒಡೆಯುವ ಸರಪಳಿ ಕಡಿದುಹೋಗುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ, ಯಂತ್ರ ಓಡಬೇಕಿಲ್ಲ. ಭೂಮಿಯ ಸೆಳೆತವೇ ಸಾಕು.

ಹಾಗಾದರೆ ಭಯವೇನು? ಭಯವಿರುವುದು ಮುಂದಿನ ಹಂತದಲ್ಲಿ.

ಸರಪಳಿ ಕಡಿದರೂ ಬಿಸಿ ಹುಟ್ಟುವುದು ನಿಲ್ಲುವುದಿಲ್ಲ. ಒಡೆದ ಯುರೇನಿಯಂನ ಚೂರುಗಳು ನೆಮ್ಮದಿಯಾಗಿ ಇರಲಾರದ ಪರಮಾಣುಗಳು. ಅವು ವಿಕಿರಣ ಹೊಮ್ಮಿಸುತ್ತ, ಬಿಸಿ ಕೊಡುತ್ತ ನಿಧಾನವಾಗಿ ಬೇರೆ ಪರಮಾಣುಗಳಾಗುತ್ತವೆ. ಇದನ್ನು ನಿಲ್ಲಿಸುವ ಸ್ವಿಚ್ಚು ಜಗತ್ತಿನ ಯಾರ ಬಳಿಯೂ ಇಲ್ಲ.

ಈ ಉಳಿಕೆ ಬಿಸಿ ಎಷ್ಟಿರುತ್ತದೆ? ಪೂರ್ತಿ ಓಡುವಾಗ ಹುವಾಲಾಂಗ್ ರಿಯಾಕ್ಟರಿನ ಒಡಲಲ್ಲಿ ಸುಮಾರು 3,000 ಮೆಗಾವ್ಯಾಟ್‌ನಷ್ಟು ಬಿಸಿ ಹುಟ್ಟುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಆ ಬಿಸಿಯ ಶೇಕಡಾ 6ರಷ್ಟು, ಅಂದರೆ 180 ಮೆಗಾವ್ಯಾಟ್ ಉಳಿದಿರುತ್ತದೆ. ಒಂದು ಗಂಟೆ ಕಳೆದರೆ ಸುಮಾರು 45 ಮೆಗಾವ್ಯಾಟ್. ಒಂದು ದಿನ ಕಳೆದರೂ ಸುಮಾರು 15 ಮೆಗಾವ್ಯಾಟ್. ಇಷ್ಟು ಬಿಸಿಯನ್ನು ಹೊತ್ತೊಯ್ಯಲು ನೀರು ಹರಿಯುತ್ತಲೇ ಇರಬೇಕು. ಇಲ್ಲವಾದರೆ ಒಳಗಿನ ನೀರು ಆವಿಯಾಗಿ ಹೋಗಿ, ಕೊಳವೆಗಳು ನೀರಿಲ್ಲದೆ ತೆರೆದುಕೊಂಡು, ಕೊನೆಗೆ ಇಂಧನವೇ ಕರಗಲು ತೊಡಗುತ್ತದೆ.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. ಭೂಕಂಪವಾದಾಗ ಓಡುತ್ತಿದ್ದ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಹೊರಗಿನಿಂದ ಬರುವ ಕರೆಂಟು ಹೋಯಿತು. ಡೀಸೆಲ್ ಜನರೇಟರುಗಳು ಶುರುವಾದವು. ಒಂದು ಗಂಟೆ ಕಳೆಯುವುದರೊಳಗೆ ಸುನಾಮಿಯ ಅಲೆ ಬಂದು ಆ ಜನರೇಟರುಗಳನ್ನು ಮುಳುಗಿಸಿತು. ತಂಪುಮಾಡುವ ವ್ಯವಸ್ಥೆ ಕೈಕೊಟ್ಟಿತು. ಮೂರು ರಿಯಾಕ್ಟರ್‌ಗಳಲ್ಲಿ ಇಂಧನ ಕರಗಿತು. ಬಿಸಿಯಾದ ಜಿರ್ಕೋನಿಯಂ ನೀರಾವಿಯೊಡನೆ ವರ್ತಿಸಿ ಹೈಡ್ರೋಜನ್ ಅನಿಲ ಹುಟ್ಟಿತು, ಅದು ಸಿಡಿದು ಕಟ್ಟಡಗಳ ಮಾಡು ಹಾರಿಹೋಯಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಹೊರಟವು.

ಪಂಪಿಲ್ಲದೆ ಹರಿಯುವ ನೀರು

ಫುಕುಶಿಮಾದ ಪಾಠ ಕಲಿತ ಮೇಲೆ ರೂಪ ಪಡೆದ ಮಾದರಿ ಹುವಾಲಾಂಗ್-1. ಚೀನಾ ಇದನ್ನು ಶೂನ್ಯದಿಂದ ಹುಟ್ಟಿಸಲಿಲ್ಲ. ಫ್ರಾನ್ಸಿನಿಂದ ತಂದ ರಿಯಾಕ್ಟರ್‌ಗಳನ್ನು ನಡೆಸಿ, ಅದೇ ಬಗೆಯವನ್ನು ತಾನೇ ಕಟ್ಟಿ ಅನುಭವ ಗಳಿಸಿತ್ತು. ಆ ಹಳೆಯ ಫ್ರೆಂಚ್ ಮಾದರಿಯಲ್ಲಿ 157 ಇಂಧನ ಕಟ್ಟುಗಳಿದ್ದವು. ಅದನ್ನು 177ಕ್ಕೆ ಏರಿಸಿದ್ದರಿಂದ ಒಂದೊಂದು ಕೊಳವೆಯ ಮೇಲಿನ ಹೊರೆ ಇಳಿಯಿತು.

ಇದಕ್ಕಿಂತ ಮುಖ್ಯವಾದದ್ದು ತಣಿಸುವ ಏರ್ಪಾಡು. ಮಾಮೂಲಿನ ಪಂಪುಗಳು, ಡೀಸೆಲ್ ಜನರೇಟರುಗಳು ಇಲ್ಲಿಯೂ ಇವೆ. ಅವೆಲ್ಲ ಒಟ್ಟಿಗೆ ಕೈಕೊಟ್ಟರೆ? ಅದಕ್ಕೆಂದೇ ಗುಮ್ಮಟದ ಹೊರಗೋಡೆಯ ಮೇಲ್ಭಾಗದಲ್ಲಿ ದೊಡ್ಡ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ.

ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ನೋಡಿರುತ್ತೀರಿ. ಬಿಸಿಲು ಹೀರುವ ಭಾಗ ಕೆಳಗೆ ಓರೆಯಾಗಿರುತ್ತದೆ, ಟ್ಯಾಂಕು ಮೇಲೆ. ನಡುವೆ ಪಂಪು ಇರುವುದಿಲ್ಲ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣನೆಯ ನೀರು ಭಾರವಾಗಿ ತಾನೇ ಕೆಳಗಿಳಿಯುತ್ತದೆ. ಬಿಸಿಲಿರುವಷ್ಟು ಹೊತ್ತೂ ಈ ಸುತ್ತಾಟ ನಡೆದೇ ಇರುತ್ತದೆ.

ಹುವಾಲಾಂಗ್‌ನ ತೊಟ್ಟಿಗಳು ನೆಚ್ಚಿರುವುದು ಇದೇ ನಿಯಮವನ್ನು. ರಿಯಾಕ್ಟರಿನ ಬಿಸಿಗೆ ಹುಟ್ಟಿದ ಆವಿ ಪೈಪುಗಳಲ್ಲಿ ಮೇಲೇರಿ ತೊಟ್ಟಿಯ ನೀರಿನ ನಡುವೆ ಹಾದುಹೋಗುತ್ತದೆ, ತಂಪಾಗಿ ನೀರಾಗುತ್ತದೆ, ಮತ್ತೆ ಕೆಳಗಿಳಿದು ಬರುತ್ತದೆ. ಗುಮ್ಮಟದೊಳಗಿನ ಗಾಳಿ ಕಾದರೆ ಅದರ ಬಿಸಿಯನ್ನೂ ಇನ್ನೊಂದು ಸಾಲಿನ ಪೈಪುಗಳು ಹೀಗೆಯೇ ಹೊರಗೆ ಸಾಗಿಸುತ್ತವೆ. ಪಂಪು ಓಡಿಸಲು ಕರೆಂಟೇ ಇಲ್ಲದಿದ್ದರೂ 72 ಗಂಟೆ ಇದು ನಡೆಯಬೇಕು ಎಂಬುದು ವಿನ್ಯಾಸದ ಲೆಕ್ಕ. ಆ ಮೂರು ದಿನಗಳಲ್ಲಿ ಹೊರಗಿನಿಂದ ನೀರು, ಕರೆಂಟು, ಜನರನ್ನು ತರಿಸಿಕೊಳ್ಳಬೇಕು. ತೊಟ್ಟಿ ಎಂದಾದರೂ ಬರಿದಾಗುತ್ತದೆ. ಅದು ಕೊಡುವುದು ಬಿಡುವನ್ನು, ಬಿಡುಗಡೆಯನ್ನಲ್ಲ.

ಗುಮ್ಮಟಕ್ಕೂ ಎರಡು ಗೋಡೆಗಳಿವೆ. ಒಳಗಿನ ಕಾಂಕ್ರೀಟ್ ಗೋಡೆಗೆ ಉಕ್ಕಿನ ಅಸ್ತರಿ ಇದೆ. ವಿಕಿರಣ ಹೊರಹೋಗದಂತೆ ತಡೆಯುವುದು ಅದರ ಕೆಲಸ. ಹೊರಗಿನ ಗೋಡೆಯನ್ನು ದೊಡ್ಡ ವಿಮಾನವೇ ಬಂದು ಅಪ್ಪಳಿಸಿದರೂ ತಡೆಯುವಂತೆ ರೂಪಿಸಿದ್ದಾರೆ. ಗೋಡೆಯ ಬೆಲೆ ಎಷ್ಟೆಂದು ಎರಡು ಹಳೆಯ ಅಪಘಾತಗಳು ಹೇಳುತ್ತವೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ಅರ್ಧದಷ್ಟು ಇಂಧನ ಕರಗಿದರೂ ಗುಮ್ಮಟ ವಿಕಿರಣದ ಬಹುಪಾಲನ್ನು ಒಳಗೇ ಹಿಡಿದಿಟ್ಟಿತು. 1986ರಲ್ಲಿ ಚೆರ್ನೋಬಿಲ್ ಸ್ಫೋಟಿಸಿದಾಗ ಅಲ್ಲಿ ಅಂಥ ಗುಮ್ಮಟವೇ ಇರಲಿಲ್ಲ.

ಹೈಡ್ರೋಜನ್‌ಗೂ ಒಂದು ಉಪಾಯವಿದೆ. ಪ್ಲಾಟಿನಂನಂಥ ಲೋಹ ಲೇಪಿಸಿದ ತಗಡುಗಳ ಪೆಟ್ಟಿಗೆಗಳನ್ನು ಗುಮ್ಮಟದೊಳಗೆ ಅಲ್ಲಲ್ಲಿ ಇಡುತ್ತಾರೆ. ಹೈಡ್ರೋಜನ್ ಆ ಲೋಹವನ್ನು ತಾಗಿದರೆ ಆಮ್ಲಜನಕದ ಜೊತೆ ಸದ್ದಿಲ್ಲದೆ ಸೇರಿ ನೀರಾಗುತ್ತದೆ. ಇದಕ್ಕೂ ಕರೆಂಟು ಬೇಡ.

ನಕ್ಷೆಯನ್ನು ಪರೀಕ್ಷಿಸುವವರು

ನಕ್ಷೆ ಎಷ್ಟೇ ಚೆನ್ನಾಗಿರಲಿ, ಅದನ್ನು ಮಾಡಿದವರೇ "ಚೆನ್ನಾಗಿದೆ" ಎಂದರೆ ಸಾಲದು. ಬೇರೆಯವರು ಪರೀಕ್ಷಿಸಬೇಕು. ಬ್ರಿಟನ್ನಿನ ಪರಮಾಣು ನಿಯಂತ್ರಣ ಸಂಸ್ಥೆ ಹುವಾಲಾಂಗ್‌ನ ಒಂದು ರೂಪವನ್ನು 2017ರಿಂದ 2022ರವರೆಗೆ, ಐದು ವರ್ಷ ಕೂತು ಪರಿಶೀಲಿಸಿತು. ಕೊನೆಗೆ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟಿತು. ಸ್ಥಾವರವನ್ನು ಮಾತ್ರ ಅಲ್ಲಿ ಇನ್ನೂ ಕಟ್ಟಿಲ್ಲ.

ಪಾಕಿಸ್ತಾನದಲ್ಲಿ ಈ ಹೊಣೆ ಅಲ್ಲಿನ ಪರಮಾಣು ನಿಯಂತ್ರಣ ಪ್ರಾಧಿಕಾರದ್ದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರೂ ಕರಾಚಿಗೆ ಬರುತ್ತಾರೆ. ವಿದ್ಯುತ್ತಿಗೆಂದಿರುವ ಇಂಧನ ಬಾಂಬಿಗೆ ಹೋಗದಂತೆ ನೋಡಿಕೊಳ್ಳುವುದು ಅವರ ಮುಖ್ಯ ಕೆಲಸ. ಅಪಘಾತವಾಗದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಅದು ಸ್ಥಾವರ ನಡೆಸುವವರ ಮೇಲೆ, ಆ ದೇಶದ ನಿಯಂತ್ರಕರ ಮೇಲೆ ಇದೆ.

ಜನರೂ ಪರೀಕ್ಷಕರೇ. 2014ರಲ್ಲಿ ಭೌತವಿಜ್ಞಾನಿ ಪರ್ವೇಜ್ ಹೂಡ್‌ಭಾಯ್ ಮತ್ತು ಕೆಲವು ನಾಗರಿಕರು ಈ ಯೋಜನೆಯನ್ನು ಪ್ರಶ್ನಿಸಿ ಸಿಂಧ್ ಹೈಕೋರ್ಟಿಗೆ ಹೋದರು. ಅವರ ಪ್ರಶ್ನೆಗಳು ನೇರವಾಗಿದ್ದವು. ಈ ಮಾದರಿ ಜಗತ್ತಿನಲ್ಲಿ ಎಲ್ಲಿಯೂ ಇನ್ನೂ ಓಡಿಲ್ಲವಲ್ಲ? ಅಪಘಾತವಾದರೆ ಕರಾಚಿಯಂಥ ಊರಿನ ಕೋಟಿಗಟ್ಟಲೆ ಜನರನ್ನು ಎಲ್ಲಿಗೆ, ಯಾವ ರಸ್ತೆಯಲ್ಲಿ ಸಾಗಿಸುತ್ತೀರಿ? ಕೋರ್ಟು ಕೆಲಕಾಲ ಕೆಲಸಕ್ಕೆ ತಡೆ ಕೊಟ್ಟಿತು. ಪರಿಸರದ ಮೇಲಿನ ಪರಿಣಾಮದ ವರದಿಯನ್ನು ಜನರ ಮುಂದಿಟ್ಟು ಚರ್ಚಿಸಿದ ಮೇಲೆ ಕೆಲಸ ಮುಂದುವರಿಯಿತು. ಮೊದಲ ಪ್ರಶ್ನೆಗೆ ಕಾಲ ಉತ್ತರ ಕೊಟ್ಟಿದೆ: ಚೀನಾದ ಫುಚಿಂಗ್‌ನಲ್ಲಿ ಮೊದಲ ಹುವಾಲಾಂಗ್ 2020ರಲ್ಲಿ ಕರೆಂಟು ಕೊಟ್ಟಿತು, ಈಗ ಇನ್ನೂ ಹಲವು ಓಡುತ್ತಿವೆ. ಎರಡನೆಯ ಪ್ರಶ್ನೆಯ ತೂಕ ಹಾಗೆಯೇ ಇದೆ. 1945ರ ನವೆಂಬರಿನಲ್ಲಿ ಕರಾಚಿಗೆ ಪಶ್ಚಿಮದ ಮಕ್ರಾನ್ ಕರಾವಳಿಯಲ್ಲಿ ಭಾರಿ ಭೂಕಂಪವಾಗಿ, ಅದೆಬ್ಬಿಸಿದ ಸುನಾಮಿ ಮುಂಬೈವರೆಗೂ ಬಂದಿತ್ತು. ಅದೇ ಅರಬ್ಬಿ ಸಮುದ್ರದ ದಂಡೆಯಲ್ಲಿ ಈ ಸ್ಥಾವರಗಳಿವೆ.

ಇದು ನಮಗೂ ಸೇರಿದ ಮಾತು

ಉತ್ತರ ಕನ್ನಡದ ಕೈಗಾದಲ್ಲಿ ನಾಲ್ಕು ರಿಯಾಕ್ಟರ್‌ಗಳಿವೆ, ಒಂದೊಂದೂ 220 ಮೆಗಾವ್ಯಾಟ್‌ನದು. ಅವು ಭಾರಜಲ ಬಳಸುವ ಬೇರೆ ಮಾದರಿಯವು. ಕರಾಚಿಯಲ್ಲಿ 1972ರಿಂದ 2021ರವರೆಗೆ ಓಡಿದ ಹಳೆಯ ಕೆ-1, ಕೆನಡಾ ಕಟ್ಟಿಕೊಟ್ಟದ್ದು, ಆ ಮಾದರಿಗೆ ದಾಯಾದಿ. ಮಾದರಿ ಯಾವುದಾದರೂ ಉಳಿಕೆ ಬಿಸಿಯ ನಿಯಮ ಒಂದೇ. ಕೈಗಾದಲ್ಲೂ ಕರಾಚಿಯಲ್ಲೂ, ನಿಂತ ರಿಯಾಕ್ಟರಿಗೆ ನೀರು ಹರಿಯುತ್ತಲೇ ಇರಬೇಕು. ಬಳಸಿದ ಇಂಧನವನ್ನು ಹೊರತೆಗೆದ ಮೇಲೂ ವರ್ಷಗಟ್ಟಲೆ ನೀರಿನ ಕೊಳದಲ್ಲಿ ಕಾಪಾಡಬೇಕು.

ಆದ್ದರಿಂದಲೇ ಭಾರತ, ಪಾಕಿಸ್ತಾನಗಳ ನಡುವಿನ ಒಂದು ಒಪ್ಪಂದ ನನಗೆ ಬಹಳ ದೊಡ್ಡದೆನಿಸುತ್ತದೆ. ಒಬ್ಬರ ಪರಮಾಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಎಂದು ಎರಡೂ ದೇಶಗಳು 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ತಂತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತ ಬಂದಿವೆ. ಜಗಳವಾಡಿದ ವರ್ಷಗಳಲ್ಲೂ ಇದು ತಪ್ಪಿಲ್ಲ. ಗೋಡೆ, ತೊಟ್ಟಿ, ಸರಳುಗಳ ಹಾಗೆ ಈ ಪಟ್ಟಿಯೂ ಒಂದು ರಕ್ಷಣೆಯೇ.

ನಾಳೆ ನೀವು ಎಂಜಿನಿಯರ್ ಆಗಬಹುದು, ಅಧಿಕಾರಿಯಾಗಬಹುದು, ಪತ್ರಕರ್ತರಾಗಬಹುದು. ಯಾವ ದೇಶ ಕಟ್ಟಿದ ರಿಯಾಕ್ಟರೇ ಆಗಲಿ, ಅದರ ಬಗ್ಗೆ ಮೂರು ಪ್ರಶ್ನೆ ಕೇಳಿ. ಕರೆಂಟು ಪೂರ್ತಿ ಹೋದರೆ ಬಿಸಿಯನ್ನು ಯಾವುದು ಹೊತ್ತೊಯ್ಯುತ್ತದೆ, ಎಷ್ಟು ಹೊತ್ತು? ಕಟ್ಟಿದವರಲ್ಲದೆ ಬೇರೆ ಯಾರು ಇದನ್ನು ಪರೀಕ್ಷಿಸಿದ್ದಾರೆ? ಸುತ್ತಲಿನ ಜನರಿಗೆ ಏನು ತಿಳಿಸಿದ್ದಾರೆ? ಈ ಮೂರಕ್ಕೂ ಬಿಚ್ಚುಮನಸ್ಸಿನಿಂದ ಉತ್ತರ ಕೊಡುವ ಸ್ಥಾವರವನ್ನು ನಂಬಬಹುದು. ಕೊಡದಿದ್ದರೆ, ಕೊಡುವವರೆಗೂ ಕೇಳುತ್ತಲೇ ಇರಬೇಕು.