ಪೆನ್ಸಿಲ್ ಕೊಟ್ಟಾಗ ಹಿಂದೆ, ತಂತಿ ಕೊಟ್ಟಾಗ ಮುಂದೆ

ಇವತ್ತು ಜಿಎಸ್‌ಟಿ, ಇಎಂಐ ಯಾವುದೂ ಇಲ್ಲ. ನಮ್ಮ ಅಕ್ಕನ ಮಗನ ವಿಷಯ.

ಅವನಿಗೆ ಆರು ವರ್ಷ. ಹಾವೇರಿ ಕಡೆ ಹಳ್ಳಿಯಲ್ಲಿ ಅಜ್ಜಿ ಜೊತೆ ಬೆಳೆದವನು, ಈ ಜೂನ್‌ನಲ್ಲಿ ಬೆಂಗಳೂರಿನ ಶಾಲೆಗೆ ಸೇರಿದ. 'ಬರೆಯೋದು ನಿಧಾನ' ಅಂತ ಶಾಲೆಯವರು ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಬಣ್ಣದ ಬ್ಲಾಕ್ ಜೋಡಿಸು, ಆಕಾರ ನೋಡಿ ಹಾಗೇ ಬರಿ, ಇಂಥವು. ರಿಪೋರ್ಟ್ ಬಂತು: ವಯಸ್ಸಿಗಿಂತ ಕಡಿಮೆ. ಅಕ್ಕ ಆಟೋದಲ್ಲಿ ಅಳ್ತಾನೇ ಮನೆಗೆ ಬಂದಳು.

ಇದೇ ಹುಡುಗ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಗಾಲಿ ಮಾಡಿ, ಜೋಳದ ದಂಟಿನಲ್ಲಿ ಬಂಡಿ ಕಟ್ತಾನೆ!

ಹುಡುಕ್ತಾ ಹೋದಾಗ ಸಿಕ್ಕಿದ್ದು ಮನಶ್ಶಾಸ್ತ್ರಜ್ಞ ರಾಬರ್ಟ್ ಸರ್ಪೆಲ್ ಅವರ 1979ರ ಅಧ್ಯಯನ. ಜಾಂಬಿಯಾದ ಲುಸಾಕಾ, ಇಂಗ್ಲೆಂಡಿನ ಮ್ಯಾಂಚೆಸ್ಟರ್, ಎರಡೂ ಕಡೆಯ ಮಕ್ಕಳಿಗೆ ಒಂದೇ ಕೆಲಸ: ಮಾದರಿ ನೋಡಿ ಅದೇ ಥರ ಮಾಡಬೇಕು. ಪೆನ್ಸಿಲ್, ಕಾಗದ ಕೊಟ್ಟಾಗ ಮ್ಯಾಂಚೆಸ್ಟರ್ ಮಕ್ಕಳು ಮುಂದೆ. ತಂತಿ ಕೊಟ್ಟಾಗ ಲುಸಾಕಾದವರು ಮುಂದೆ, ಯಾಕಂದ್ರೆ ಅಲ್ಲಿನ ಹುಡುಗರು ತಂತಿ ಬಗ್ಗಿಸಿ ಕಾರು ಮಾಡಿ ಆಡ್ತಾರೆ. ಜೇಡಿಮಣ್ಣು ಕೊಟ್ಟಾಗ ಇಬ್ಬರೂ ಸಮ. ಬರೀ ಪೆನ್ಸಿಲ್ ಕೊಟ್ಟು ನಿಲ್ಲಿಸಿದ್ದರೆ ತೀರ್ಪು ಏನಾಗ್ತಿತ್ತು ಹೇಳಿ?

ನಾನು ಬಿಕಾಂ ಓದಿದವನು, ನನಗೆ ಇದು ತಕ್ಕಡಿ ಲೆಕ್ಕ. ಅಂಕ ಅಂದ್ರೆ ಹೋಲಿಕೆ. ಯಾರ ಜೊತೆ? ಪರೀಕ್ಷೆ ರೂಪಿಸುವಾಗ ಕೂರಿಸಿದ್ದ ಮಕ್ಕಳ ಜೊತೆ. ಅದಕ್ಕೇ ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು.

ಹಾಗಂತ ಟೆಸ್ಟೇ ಸುಳ್ಳು ಅಂತಿಲ್ಲ. 'ಹಳ್ಳಿ ಹುಡುಗ, ತಾನೇ ಸರಿಹೋಗ್ತಾನೆ' ಅಂತ ಬಿಟ್ಟು, ನಿಜವಾಗಿ ಸಹಾಯ ಬೇಕಿದ್ದ ಮಗು ಎರಡು ವರ್ಷ ಕಳೆದುಕೊಂಡರೆ ಅದೂ ಅನ್ಯಾಯವೇ. ಇಸ್ರೇಲಿನ ಥೆರಪಿಸ್ಟ್‌ಗಳು 6ರಿಂದ 12 ವರ್ಷದವರಿಗೆ ರೂಪಿಸಿದ 'ಡಾಟ್ಕಾ' ಪರೀಕ್ಷೆ ನನಗೆ ಇಷ್ಟವಾಗಿದ್ದು ಇಲ್ಲಿ. ಮಗು ತಪ್ಪಿದರೆ ಅಂಕ ಬರೆದು ಮುಗಿಸಲ್ಲ. ಹಂತ ಹಂತವಾಗಿ ಸುಳಿವು ಕೊಟ್ಟು, ಮತ್ತೆ ಮಾಡಿಸಿ, ಎಷ್ಟು ಕಲಿತ ಅಂತ ನೋಡ್ತಾರೆ.

ಮೊನ್ನೆ ಅಕ್ಕ ಎರಡು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋದಳು. ಇವನನ್ನು ಯಾವ ಊರಿನ ಮಕ್ಕಳ ಜೊತೆ ಹೋಲಿಸಿದ್ದೀರಿ? ತೋರಿಸಿಕೊಟ್ಟರೆ ಎಷ್ಟು ಮಾಡ್ತಾನೆ? ಮೇಡಂ ಬೇಜಾರು ಮಾಡ್ಕೊಳ್ಳಲಿಲ್ಲ. ಬ್ಲಾಕ್ ಜೋಡಿಸಿ ತೋರಿಸಿದರು, ಮೂರನೇ ಸಲಕ್ಕೆ ಅವನೇ ಮಾಡಿದ. ಪೆನ್ಸಿಲ್ ಹಿಡಿತ ಮಾತ್ರ ಇನ್ನೂ ಸಡಿಲ, ಅದಕ್ಕೆ ವಾರಕ್ಕೆ ಎರಡು ದಿನ ಥೆರಪಿ ಶುರುವಾಗಿದೆ. ಅವನ ಚಿಂತೆ ಬೇರೆ: ಬೆಂಗಳೂರಲ್ಲಿ ಜೋಳದ ದಂಟು ಎಲ್ಲಿ ಸಿಗುತ್ತೆ ಮಾಮಾ ಅಂತ ದಿನಾ ಕೇಳ್ತಾನೆ.