ಒಂದೇ ಕೀಲಿ, ಇಬ್ಬರ ಕೈಯಲ್ಲಿ

ನನ್ನ ಹಳೆಯ ನಿಘಂಟಿನ ಪುಟಗಳ ನಡುವೆ ಒಂದು ಅಂಚೆ ಕಾರ್ಡು ಇದೆ. ೧೯೭೮ರ ಸೆಪ್ಟೆಂಬರಿನಲ್ಲಿ ಧಾರವಾಡದಿಂದ ಬಂದದ್ದು. ಕ್ಷೇಮ ಸಮಾಚಾರವೆಲ್ಲ ತಿಳಿಗನ್ನಡದಲ್ಲಿದೆ. ಕೊನೆಯಲ್ಲಿ ಮಾತ್ರ ಯಾವ ಕೋಶದಲ್ಲಿಯೂ ಸಿಗದ ನಾಲ್ಕಕ್ಷರದ ಒಂದು ಶಬ್ದ: ‘ಜಪೆಸೆಟು’. ಕನ್ನಡ ಪಾಠ ಹೇಳಿ ನಿವೃತ್ತನಾದವನು ಗೂಢಲಿಪಿಯನ್ನು ಕುರಿತು ಮಾತನಾಡಲು ಬಂದದ್ದೇಕೆ ಎಂದು ಕೇಳುಗರು ವಿಚಾರಿಸಿದರೆ, ಈ ನಾಲ್ಕು ಅಕ್ಷರಗಳ ಹೊರತು ತೋರಿಸಲು ನನ್ನಲ್ಲಿ ಬೇರೆ ಅಧಿಕಾರಪತ್ರವಿಲ್ಲ.

ಕಾರ್ಡು ಬರೆದವನು ನನ್ನ ಸಹಪಾಠಿ. ನಾನು ಮೈಸೂರಿನಲ್ಲಿ, ಅವನು ಧಾರವಾಡದಲ್ಲಿ. ಲಕೋಟೆಗೆ ಕಾಸು ಸಾಲದು, ಕಾರ್ಡನ್ನಾದರೋ ಅಂಚೆಯವನಿಂದ ಹಿಡಿದು ಮನೆಯ ಅಜ್ಜಿಯವರೆಗೆ ಎಲ್ಲರೂ ಓದುವರು. ಆದ್ದರಿಂದ ನಾವೊಂದು ಉಪಾಯ ಮಾಡಿಕೊಂಡೆವು. ‘ಕ’ಕಾರದಿಂದ ‘ಳ’ಕಾರದವರೆಗಿನ ಮೂವತ್ತನಾಲ್ಕು ವ್ಯಂಜನಗಳಿಗೆ ಕ್ರಮವಾಗಿ ಅಂಕೆ ಕೊಟ್ಟೆವು. ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಪದ ನಮ್ಮ ಕೀಲಿ. ಆ ಪದ ‘ಗಜ’ ಎನ್ನಿ. ‘ಗ’ ಮೂರನೆಯದು, ‘ಜ’ ಎಂಟನೆಯದು. ‘ಕಮಲ’ ಎಂದು ಬರೆಯಬೇಕಾದರೆ ‘ಕ’ವನ್ನು ಮೂರು ಮನೆ ಮುಂದೆ ನಡೆಸಿದರೆ ‘ಘ’, ‘ಮ’ವನ್ನು ಎಂಟು ಮನೆ ನಡೆಸಿದರೆ ‘ಹ’, ‘ಲ’ವನ್ನು ಮತ್ತೆ ಮೂರು ಮನೆ ನಡೆಸಿದರೆ ‘ಷ’. ಅಲ್ಲಿಗೆ ‘ಕಮಲ’ ಹೋಗಿ ‘ಘಹಷ’ ಆಯಿತು. ಅತ್ತ ಕಡೆಯವನು ಅಷ್ಟೇ ಮನೆ ಹಿಂದಕ್ಕೆ ನಡೆಸಿದರೆ ಕಮಲ ಮತ್ತೆ ಅರಳುವುದು. ಸ್ವರಚಿಹ್ನೆಗಳನ್ನು ನಾವು ಮುಟ್ಟುತ್ತಿರಲಿಲ್ಲ. ಅದು ಶಾಸ್ತ್ರವಲ್ಲ, ಸೋಮಾರಿತನ.

ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಕೀಲಿ. ಅದು ಇಬ್ಬರ ಬಳಿಯೂ ಇರಬೇಕು. ಸಮಕೀಲಿ ಗೂಢಲಿಪಿ ಎನ್ನುವುದು ಇದನ್ನೇ. ನಮ್ಮದೇ ಶೋಧವೆಂದು ನಾವು ಬೀಗುತ್ತಿದ್ದ ಈ ವಿಧಾನವನ್ನು ಇಟಲಿಯ ಬೆಲ್ಲಾಸೊ ಎಂಬಾತ ೧೫೫೩ರಲ್ಲಿಯೇ ಅಚ್ಚು ಹಾಕಿಸಿದ್ದನೆಂದು ತಿಳಿದದ್ದು ಬಹಳ ತಡವಾಗಿ. ಅದು ಪ್ರಸಿದ್ಧವಾದದ್ದು ಫ್ರಾನ್ಸಿನ ವಿಜೆನೇರನ ಹೆಸರಿನಲ್ಲಿ. ಅದರ ದೌರ್ಬಲ್ಯವನ್ನು ೧೮೬೩ರಲ್ಲಿ ಪ್ರಕಟವಾಗಿ ಬಯಲಿಗೆಳೆದವನು ಕಾಸಿಸ್ಕಿ ಎಂಬ ಪ್ರಷ್ಯದ ಸೇನಾಧಿಕಾರಿ. ಕೀಲಿಪದ ಚಿಕ್ಕದು, ಬರಹ ದೊಡ್ಡದು. ಆದ್ದರಿಂದ ಕೀಲಿ ರಗಳೆಯ ಗಣದಂತೆ ಮತ್ತೆ ಮತ್ತೆ ಬರುತ್ತದೆ. ಒಂದೇ ಅಕ್ಷರಗುಚ್ಛ ಎಷ್ಟೆಷ್ಟು ದೂರದಲ್ಲಿ ಮರಳಿ ಬಂದಿದೆಯೆಂದು ಎಣಿಸಿದರೆ ಕೀಲಿಯ ಉದ್ದ ಸಿಕ್ಕಿಬೀಳುತ್ತದೆ. ಪ್ರಸ್ತಾರ ಹಾಕಿ ಛಂದಸ್ಸು ಹಿಡಿಯುವವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಶಾಸ್ತ್ರದ ಮೂಲಸೂತ್ರವನ್ನು ಹೇಳಿದವನು ಭಾಷೆಯ ಮೇಷ್ಟರು ಎಂಬುದು ನನಗೆ ಸ್ವಲ್ಪ ಹೆಮ್ಮೆಯ ಸಂಗತಿ. ಪ್ಯಾರಿಸ್ಸಿನಲ್ಲಿ ಜರ್ಮನ್ ಕಲಿಸುತ್ತಿದ್ದ, ಡಚ್ ಮೂಲದ ಆಗುಸ್ಟ್ ಕೆರ್ಕ್‌ಹಾಫ್ಸ್, ೧೮೮೩ರಲ್ಲಿ ಸೈನ್ಯದ ಗೂಢಲಿಪಿಯನ್ನು ಕುರಿತು ಬರೆಯುತ್ತ, ವಿಧಾನ ಶತ್ರುವಿನ ಕೈಗೆ ಸಿಕ್ಕಿದರೂ ಕೇಡಾಗಬಾರದು, ಗುಟ್ಟೆಲ್ಲ ಕೀಲಿಯಲ್ಲಿಯೇ ಇರಬೇಕು ಎಂದು ವಾದಿಸಿದ. ಮಕ್ಕಳ ‘ಕ’ ಭಾಷೆಯನ್ನು ನೆನೆದರೆ ಈ ಮಾತಿನ ಬೆಲೆ ತಿಳಿದೀತು. ಅಲ್ಲಿ ಗುಟ್ಟು ವಿಧಾನದಲ್ಲಿದೆ. ಒಮ್ಮೆ ತಿಳಿಯಿತೆಂದರೆ ಕೇರಿಯ ಮಕ್ಕಳೆಲ್ಲರ ಗುಟ್ಟೂ ರಟ್ಟು. ಕೀಲಿಯಲ್ಲಿ ಗುಟ್ಟಿದ್ದರೆ ಕೀಲಿಯನ್ನು ಬದಲಾಯಿಸಿದರಾಯಿತು.

ಇನ್ನು ಯಂತ್ರದ ಕಾಲ. ಕಂಪ್ಯೂಟರಿಗೆ ‘ಕ’ಕಾರವೂ ಇಲ್ಲ, ‘ಳ’ಕಾರವೂ ಇಲ್ಲ, ಸೊನ್ನೆ ಮತ್ತು ಒಂದು ಇವೆರಡೇ. ಅಲ್ಲಿ ಮನೆ ನಡೆಸುವುದು ಬಹು ಸುಲಭ. ಬರಹದ ಅಂಕೆಯೂ ಕೀಲಿಯ ಅಂಕೆಯೂ ಒಂದೇ ಆಗಿದ್ದರೆ ಸೊನ್ನೆ, ಬೇರೆಬೇರೆಯಾಗಿದ್ದರೆ ಒಂದು. ಬರಹ ೧೦೧೧, ಕೀಲಿ ೦೧೧೦ ಆದರೆ ಗೂಢಪಾಠ ೧೧೦೧. ಆ ೧೧೦೧ಕ್ಕೆ ಅದೇ ಕೀಲಿಯನ್ನು ಇನ್ನೊಮ್ಮೆ ಸೇರಿಸಿ ನೋಡಿ, ೧೦೧೧ ಮರಳಿ ಬರುತ್ತದೆ. ಹಾಕುವ ಕ್ರಿಯೆಯೂ ತೆಗೆಯುವ ಕ್ರಿಯೆಯೂ ಒಂದೇ.

ಆದರೆ ಇಷ್ಟೇ ಸಾಲದು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ೧೯೪೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಳ್ಳೆಯ ಗೂಢಲಿಪಿ ಎರಡು ಕೆಲಸ ಮಾಡಬೇಕೆಂದ. ಕೀಲಿಗೂ ಗೂಢಪಾಠಕ್ಕೂ ಇರುವ ಸಂಬಂಧ ಕಾಣದಂತೆ ಕಲಸಬೇಕು. ಮೂಲದ ಒಂದೊಂದು ಅಂಶದ ಪರಿಣಾಮವನ್ನೂ ಇಡೀ ಪಾಠದ ಮೇಲೆ ಹರಡಬೇಕು. ಒಂದು ಅಕ್ಷರದ ಬದಲು ಇನ್ನೊಂದನ್ನಿಡುವುದು, ಅಕ್ಷರಗಳ ಸ್ಥಾನವನ್ನು ಪಲ್ಲಟಿಸುವುದು, ಇವೆರಡನ್ನೂ ಬೆರೆಸಿ ಅನೇಕ ಸುತ್ತು ತಿರುವಿದರೆ ಅದು ಸಾಧ್ಯ. ಕನ್ನಡಿಗರಿಗೆ ಇಲ್ಲಿ ಸಿರಿಭೂವಲಯ ನೆನಪಾಗದಿರದು. ಇಪ್ಪತ್ತೇಳಕ್ಕೆ ಇಪ್ಪತ್ತೇಳು, ೭೨೯ ಮನೆಗಳ ಚಕ್ರ, ಮನೆಗಳಲ್ಲಿ ೧ರಿಂದ ೬೪ರವರೆಗಿನ ಅಂಕೆಗಳು, ಅಂಕೆಗೊಂದು ಧ್ವನಿ, ಯಾವ ದಾರಿಯಲ್ಲಿ ಓದಬೇಕೆಂಬುದಕ್ಕೆ ಬಂಧಗಳು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ನಾನು ಅದನ್ನು ಈ ಶಾಸ್ತ್ರದ ಪೂರ್ವಜವೆಂದು ಹೇಳುತ್ತಲೂ ಇಲ್ಲ. ಆದರೂ ಬಂಧವನ್ನರಿಯದವನಿಗೆ ಚಕ್ರ ಮೂಕ ಎಂಬಷ್ಟು ಹೋಲಿಕೆ ನಿಜ.

ಇಂದು ಬಹಳ ಬಳಕೆಯಲ್ಲಿರುವ ಸಮಕೀಲಿ ವಿಧಾನ ಎ.ಇ.ಎಸ್. ಎಂಬುದು. ಅಮೆರಿಕದ ಮಾನಕ ಸಂಸ್ಥೆ ೧೯೯೭ರಲ್ಲಿ ಬಹಿರಂಗವಾಗಿ ಆಹ್ವಾನ ಕೊಟ್ಟಾಗ ಹದಿನೈದು ವಿಧಾನಗಳು ಪರಿಶೀಲನೆಗೆ ಬಂದವು. ಲೋಕದ ಪಂಡಿತರೆಲ್ಲ ಅವುಗಳನ್ನು ಒಡೆಯಲು ಯತ್ನಿಸಿದ ಮೇಲೆ ಬೆಲ್ಜಿಯಮ್ಮಿನ ಡಾಮೆನ್ ಮತ್ತು ರೈಮೆನ್ ಎಂಬ ಇಬ್ಬರ ರಚನೆ ಆಯ್ಕೆಯಾಗಿ, ೨೦೦೧ರಲ್ಲಿ ಮಾನಕವಾಯಿತು. ಹದಿನಾರು ಬೈಟುಗಳನ್ನು ನಾಲ್ಕಕ್ಕೆ ನಾಲ್ಕು ಮನೆಗಳ ಒಂದು ಚೌಕದಲ್ಲಿ ಕೂರಿಸುತ್ತಾರೆ. ಮೊದಲು ಒಂದು ಗೊತ್ತಾದ ಕೋಷ್ಟಕವನ್ನು ನೋಡಿ ಪ್ರತಿ ಮನೆಯಲ್ಲಿಯೂ ಇದ್ದುದರ ಬದಲು ಬೇರೊಂದನ್ನು ಇಡುವುದು. ಆಮೇಲೆ ಮೊದಲ ಸಾಲನ್ನು ಹಾಗೆಯೇ ಬಿಟ್ಟು, ಎರಡನೆಯದನ್ನು ಒಂದು ಮನೆ, ಮೂರನೆಯದನ್ನು ಎರಡು, ನಾಲ್ಕನೆಯದನ್ನು ಮೂರು ಮನೆ ಎಡಕ್ಕೆ ಸರಿಸುವುದು. ಹೊರಬಿದ್ದದ್ದು ಬಲದಿಂದ ಒಳಗೆ ಬರುತ್ತದೆ. ತರುವಾಯ ಕಂಬಕಂಬದ ನಾಲ್ಕೂ ಬೈಟುಗಳನ್ನು ಪರಸ್ಪರ ಬೆರೆಸುವುದು. ಕಡೆಗೆ, ಮೂಲ ಕೀಲಿಯಿಂದ ಹುಟ್ಟಿಸಿದ ಆಯಾ ಸುತ್ತಿನ ಕೀಲಿಯನ್ನು ಸೊನ್ನೆ-ಒಂದರ ಲೆಕ್ಕದಲ್ಲಿ ಸೇರಿಸುವುದು. ಎರಡೇ ಸುತ್ತಿನಲ್ಲಿ ಪ್ರತಿಯೊಂದು ಮನೆಯ ಸುದ್ದಿ ಹದಿನಾರೂ ಮನೆಗಳಿಗೆ ಮುಟ್ಟಿರುತ್ತದೆ. ಕೀಲಿಯ ಉದ್ದ ೧೨೮ ಬಿಟ್ ಆಗಿದ್ದರೆ ಹತ್ತು ಸುತ್ತು. ತೆರೆಯುವವನು ಕೊನೆಯಲ್ಲಿ ಹಾಕಿದ ಗಂಟನ್ನು ಮೊದಲು ಬಿಚ್ಚುತ್ತ ಹಿಮ್ಮುಖವಾಗಿ ಬರಬೇಕು.

ಇದರಲ್ಲಿ ಒಂದು ಹೆಜ್ಜೆಯೂ ಗುಟ್ಟಲ್ಲ. ಹಾಗಿದ್ದರೆ ಕೀಲಿಗಳನ್ನು ಒಂದೊಂದಾಗಿ ಹಾಕಿ ನೋಡಬಾರದೇಕೆ? ನೋಡಬಹುದು. ಇದಕ್ಕೂ ಹಿಂದಿನ ಅಮೆರಿಕದ ಮಾನಕ, ೧೯೭೭ರ ಡಿ.ಇ.ಎಸ್., ಸೋತದ್ದು ಹಾಗೆಯೇ. ಅದರ ಕೀಲಿ ೫೬ ಬಿಟ್ಟುಗಳದು. ಸಾಧ್ಯವಾದ ಕೀಲಿಗಳು ಸುಮಾರು ೭೨೦ ಕೋಟಿ ಕೋಟಿ. ೧೯೯೮ರಲ್ಲಿ ಇದಕ್ಕಾಗಿಯೇ ಕಟ್ಟಿದ ಒಂದು ಯಂತ್ರ ಮೂರು ದಿನದೊಳಗೆ ಕೀಲಿಯನ್ನು ಕಂಡುಹಿಡಿಯಿತು. ಆದರೆ ೧೨೮ ಬಿಟ್ಟಿನ ಕೀಲಿಗಳ ಸಂಖ್ಯೆ ಮೂವತ್ತೊಂಬತ್ತು ಅಂಕೆಗಳಷ್ಟು ಉದ್ದ. ಡಿ.ಇ.ಎಸ್.ನ ಕೀಲಿಗಳನ್ನೆಲ್ಲ ಒಂದೇ ಸೆಕೆಂಡಿನಲ್ಲಿ ನೋಡಿ ಮುಗಿಸುವ ಯಂತ್ರವಿದ್ದರೂ ಇವುಗಳನ್ನು ಮುಗಿಸಲು ಅದಕ್ಕೆ ಸುಮಾರು ಒಂದೂವರೆ ಕೋಟಿ ಕೋಟಿ ವರ್ಷ ಬೇಕು.

ಉಳಿಯುವ ತೊಡಕು ಒಂದೇ, ಅದು ಹಳೆಯದು. ಕೀಲಿಯನ್ನು ಇನ್ನೊಬ್ಬನಿಗೆ ಮುಟ್ಟಿಸುವುದು ಹೇಗೆ? ಕಾರ್ಡಿನಲ್ಲಿ ಬರೆದು ಕಳುಹಿಸುವ ಹಾಗಿಲ್ಲ. ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರು, ಎಲ್ಲರೂ ಕೇಳುವ ಹಾದಿಯಲ್ಲಿ ಮಾತಾಡಿಕೊಂಡೇ ಇಬ್ಬರು ಒಂದು ಗುಟ್ಟಿಗೆ ಬರಬಹುದೆಂದು ತೋರಿಸಿದರು. ಇಂದಿನ ಮೊಬೈಲುಗಳು ಆ ಬಗೆಯ ಉಪಾಯದಿಂದ ಕೀಲಿಯನ್ನು ಗೊತ್ತುಮಾಡಿಕೊಂಡು, ಮುಂದಿನ ಸಂಭಾಷಣೆಯನ್ನೆಲ್ಲ ಸಮಕೀಲಿಯಿಂದಲೇ ನಡೆಸುತ್ತವೆ. ೧೯೭೮ರಲ್ಲಿ ನಮಗೆ ಆ ಸುದ್ದಿ ತಿಳಿದಿರಲಿಲ್ಲ. ಮುಖತಃ ಭೇಟಿಯಾಗುವುದೊಂದೇ ದಾರಿ.

ಆ ಕಾರ್ಡಿನಲ್ಲಿ ನನ್ನ ಗೆಳೆಯ ಬರೆದಿದ್ದ: ಪದವನ್ನು ಕೀಲಿ ಮಾಡಿದರೆ ಯಾರಾದರೂ ಊಹಿಸಿಯಾರು, ಆದ್ದರಿಂದ ಈ ಸಲ ಮೂವತ್ತನಾಲ್ಕು ಚೀಟಿಗಳನ್ನು ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ನಾಲ್ಕು ಸಲ ಎತ್ತಿದ್ದೇನೆ, ಪ್ರತಿ ಸಲವೂ ಚೀಟಿಯನ್ನು ಮರಳಿ ಹಾಕಿ ಕುಲುಕಿದ್ದೇನೆ, ದೀಪಾವಳಿಗೆ ಬಂದಾಗ ಹೇಳುತ್ತೇನೆ, ಅಲ್ಲಿಯವರೆಗೆ ನೀನು ತಲೆ ಕೆಡಿಸಿಕೊ. ದೀಪಾವಳಿಗೆ ಹದಿನೈದು ದಿನವಿರುವಾಗ ಅವನು ಕಾಮಾಲೆಯಿಂದ ತೀರಿಕೊಂಡ.

ಹಿಂದಿನ ಬೇಸಿಗೆಯಲ್ಲಿ ಮಗಳು ಈ ಕಾರ್ಡನ್ನು ಕಂಡಳು. ಕಂಪ್ಯೂಟರಿನ ಕೆಲಸದಲ್ಲಿರುವವಳು. “ನಾಲ್ಕೇ ಅಕ್ಷರ ಅಲ್ಲವೇ ಅಪ್ಪ, ಎಲ್ಲ ಕೀಲಿಯನ್ನೂ ಹಾಕಿ ನೋಡಿಬಿಡೋಣ” ಎಂದಳು. ಕೀಲಿಗಳು ೧೩,೩೬,೩೩೬, ಯಂತ್ರಕ್ಕೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಉತ್ತರಗಳೂ ಅಷ್ಟೇ ಬಂದವು. ಕೀಲಿ ಬರಹದಷ್ಟೇ ಉದ್ದವಾಗಿದ್ದು, ಯಾದೃಚ್ಛಿಕವಾಗಿದ್ದು, ಒಂದೇ ಸಲ ಬಳಕೆಯಾದರೆ ಗೂಢಪಾಠದಿಂದ ಏನೊಂದೂ ತಿಳಿಯಲಾಗದೆಂದು ಶಾನನ್ ಸಾಧಿಸಿದ್ದಾನೆ. ಎ.ಇ.ಎಸ್.ನ ಮುಂದೆ ಯಂತ್ರ ಸೋಲುವುದು ಸಮಯ ಸಾಲದೆ. ಇಲ್ಲಿ ಸಮಯವಿದ್ದೂ ಪ್ರಯೋಜನವಿಲ್ಲ, ಯಾವ ಉತ್ತರ ನಿಜವೆಂದು ಹೇಳುವವರಿಲ್ಲ. ಮಗಳು ಅರ್ಥವಿರುವ ಶಬ್ದಗಳನ್ನಷ್ಟೇ ಆರಿಸಿ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಬರೆದೆನು, ನಡೆದೆನು, ಪಡೆದೆನು, ಕಳೆದೆನು, ಕರೆದೆನು, ಮರೆತೆನು. ಆ ಹಾಳೆಯೂ ಈಗ ನಿಘಂಟಿನಲ್ಲಿ, ಕಾರ್ಡಿನ ಪಕ್ಕದಲ್ಲಿದೆ.