ಥೆರಪಿಸ್ಟ್ ಆಗುವವರು ನಮ್ಮೂರಲ್ಲೂ ಬೇಕು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆಂದು ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳಲು ಕರೆದಿದ್ದೀರಿ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಮಕ್ಕಳಿಗೆ ನಾನು ಇನ್ನೊಂದು ಕೆಲಸದ ಪರಿಚಯ ಮಾಡಿಕೊಡುತ್ತೇನೆ. ಅದು ಮಕ್ಕಳ ಥೆರಪಿಸ್ಟ್ ಕೆಲಸ.

ಇವರಲ್ಲಿ ಮುಖ್ಯವಾಗಿ ಮೂರು ಬಗೆ. ಕೈಕಾಲಿನ ಬಲ, ನಡಿಗೆ ನೋಡುವವರು ಫಿಸಿಯೋಥೆರಪಿಸ್ಟ್. ತುತ್ತು ಎತ್ತುವುದು, ಅಂಗಿ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದನ್ನು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಮಾತು ಕಲಿಸುವವರು ಸ್ಪೀಚ್ ಥೆರಪಿಸ್ಟ್.

ಎರಡೂವರೆ ವರ್ಷವಾದರೂ ನನ್ನ ಮಗಳಿಗೆ ಮಾತು ಬರಲಿಲ್ಲ. ಬೆಂಗಳೂರಿನಲ್ಲಿ ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಒಬ್ಬ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಮೊದಲ ವಾರ ಅವರು ಚಿತ್ರದ ಕಾರ್ಡುಗಳನ್ನು ಹಿಡಿದರು. ಮಗಳು ತಿರುಗಿಯೂ ನೋಡಲಿಲ್ಲ. ಆಗ ಅವರು ನನ್ನ ಹೆಂಡತಿಗೆ, "ಮನೆಯಲ್ಲಿ ಯಾವುದಕ್ಕೆ ಏನಂತೀರಿ, ಹೇಳಿ" ಎಂದರು. ಅಜ್ಜಿಗೆ ಆಯಿ ಅನ್ನುತ್ತೇವೆ ಎಂದಳು. ಮರುವಾರ ಕಾರ್ಡು ಬದಿಗಿಟ್ಟು ರೊಟ್ಟಿ, ತಂಬಿಗೆ, ಆಯಿಯ ಫೋಟೋ ತರಿಸಿದರು. ಚೆಂಡು ಕೈಯಲ್ಲಿ ಹಿಡಿದು, ಮಗು ಏನಾದರೂ ಸದ್ದು ಮಾಡುವವರೆಗೆ ಸುಮ್ಮನೆ ಕಾಯುತ್ತಿದ್ದರು. "ವಾರದಲ್ಲಿ ಎರಡು ಗಂಟೆ ನನ್ನ ಹತ್ತಿರ ಇರ್ತಾಳೆ. ಉಳಿದ ಹೊತ್ತೆಲ್ಲ ನೀವೇ ಥೆರಪಿಸ್ಟ್" ಎಂದು ನಮಗೂ ಕಲಿಸಿದರು.

"ಯಾವಾಗ ಮಾತಾಡ್ತಾಳೆ?" ಎಂದು ನಾವು ಪ್ರತಿ ವಾರ ಕೇಳುತ್ತಿದ್ದೆವು. ಹೊಸ ಥೆರಪಿಸ್ಟ್‌ಗೆ ಅತಿ ಕಷ್ಟದ ಪ್ರಶ್ನೆ ಇದೇ ಎಂದು ಅವರು ಆಮೇಲೆ ಹೇಳಿದರು. ಸುಳ್ಳು ಭರವಸೆ ಕೊಡುವಂತಿಲ್ಲ, ಕೈಬಿಡುವಂತೆಯೂ ಇಲ್ಲ. ಅದಕ್ಕೇ ಅವರು ವಹಿಯಲ್ಲಿ ಬರೆದಿಡುತ್ತಿದ್ದರು: ಹೋದ ತಿಂಗಳು ಹತ್ತು ಸಲ ಕರೆದರೆ ಎರಡು ಸಲ ನೋಡಿದಳು, ಈ ತಿಂಗಳು ಐದು ಸಲ. ಏಳನೆಯ ತಿಂಗಳು ಮಗಳು ಫೋನಿನಲ್ಲಿ "ಆಯಿ, ಬಾ" ಎಂದಳು. ನಮ್ಮವ್ವ ಇಲ್ಲಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅದೇ ಓಣಿಯಲ್ಲಿ ಇಂಥ ಮಗು ಇದ್ದರೆ? 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆ 21ನ್ನು ಗುರುತಿಸಿತು. ಆಟಿಸಂ, ಮಾತು ಮತ್ತು ಭಾಷೆಯ ತೊಂದರೆ, ಕಲಿಕೆಯ ತೊಂದರೆ ಅದರಲ್ಲಿ ಸೇರಿದವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತೊಂದರೆ ಗೊತ್ತಾದ ಮೇಲೆ ವಾರವಾರವೂ ಮಗುವಿನ ಜೊತೆ ಕೂರುವವರು ಬೇಕಲ್ಲ? ಪ್ರತಿ ವಾರ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕೆಂದರೆ ತಾಯಿಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಎಷ್ಟು ವಾರ ಹೋದಾಳು? ನಮ್ಮ ಮಾತು ಬಲ್ಲವರು, ನಮ್ಮ ಮನೆಯ ಹೊಸ್ತಿಲು, ಕಟ್ಟೆ ಎಷ್ಟೆತ್ತರ ಇರುತ್ತವೆ ಎಂದು ಗೊತ್ತಿದ್ದವರು ಹತ್ತಿರದಲ್ಲೇ ಇದ್ದರೆ ಆ ಮಗು ನಡೆದೀತು, ಮಾತಾಡೀತು.

ವಿದ್ಯಾರ್ಥಿಗಳೆ, ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ದಾರಿ ತೆರೆದಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ವಾಕ್ ಮತ್ತು ಶ್ರವಣ ಪದವಿ ನಾಲ್ಕು ವರ್ಷದ್ದು, ಕೊನೆಯ ವರ್ಷ ಪೂರ್ತಿ ತರಬೇತಿ. ಧಾರವಾಡದಲ್ಲೂ ಈ ಓದಿದೆ, ಫಿಸಿಯೋಥೆರಪಿ ಕಾಲೇಜೂ ಇದೆ. ಮೊದಲ ಸಂಬಳ ಸಾಫ್ಟ್‌ವೇರಿನಷ್ಟು ಇರಲಿಕ್ಕಿಲ್ಲ. ತಾಳ್ಮೆ ಮಾತ್ರ ಎರಡು ಪಟ್ಟು ಬೇಕು.

ತಾಯಂದಿರೆ, ಮಗು ಕರೆದರೆ ತಿರುಗುತ್ತಿಲ್ಲ, ಎರಡು ವರ್ಷವಾದರೂ ಮಾತಿಲ್ಲ, ನಡಿಗೆಯಿಲ್ಲ ಎಂದರೆ "ತಾನೇ ಬರ್ತದ ಬಿಡು" ಎಂದು ಕಾಯಬೇಡಿ. ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಬೇಗ ತೋರಿಸಿ.

ಈ ಶಾಲೆಯಲ್ಲಿ ಓದಿ ಈ ಕೋರ್ಸಿಗೆ ಮೊದಲು ಸೇರುವ ವಿದ್ಯಾರ್ಥಿಯ ಮೊದಲ ವರ್ಷದ ಶುಲ್ಕ ನನ್ನದು. ಮುಂದಿನ ವರ್ಷಗಳದ್ದನ್ನು ನನ್ನ ಸಹಪಾಠಿಗಳು ಹಂಚಿಕೊಳ್ಳುತ್ತಾರೆಂದು ನಂಬಿ, ನನ್ನ ಮಾತು ಮುಗಿಸುತ್ತೇನೆ.